ಮಲೇಷ್ಯಾದ ರಂಜಾನ್ ಬಜಾರಿನಲ್ಲಿ ಏನು ಕೊಳ್ಳಬೇಕು, ಯಾವಾಗ ತಿನ್ನಬೇಕು: ಸಮಗ್ರ ಮಾರ್ಗದರ್ಶಿ

ಕೌಲಾಲಂಪುರದ ರಂಜಾನ್ ಬಜಾರಿಗೆ ಹೋಗಿ ಬಂದ ನಮ್ಮವರ ದೂರು ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. "ಹೋಗೋ ಹೊತ್ತಿಗೆ ಒಳ್ಳೇದೆಲ್ಲ ಖಾಲಿ." "ಕೂರೋಕೆ ಒಂದು ಕುರ್ಚಿ ಇಲ್ಲ." "ವೆಜ್ ಅಂತ ತಗೊಂಡಿದ್ದರಲ್ಲಿ ಒಣ ಸಿಗಡಿ ಇತ್ತು." "ರೂಮಿಗೆ ತಂದು ಅರ್ಧ ಎಸೆದ್ವಿ."

ಇಷ್ಟಕ್ಕೂ ಕಾರಣ ಒಂದೇ. ವಿ.ವಿ. ಪುರಂ ತಿಂಡಿ ಬೀದಿಗೆ ಹೋದ ಹಾಗೆ ಹೋಗುತ್ತಾರೆ: ಅಂಗಡಿ ಮುಂದೆ ನಿಲ್ಲೋದು, ತಿನ್ನೋದು, ಮುಂದಿನ ಅಂಗಡಿಗೆ ಹೋಗೋದು. ರಂಜಾನ್ ಬಜಾರು ನಡೆಯುವುದು ಹಾಗಲ್ಲ. ಇಲ್ಲಿ ಕೊಳ್ಳುವ ಹೊತ್ತು ಬೇರೆ, ತಿನ್ನುವ ಹೊತ್ತು ಬೇರೆ. ಸುತ್ತಲಿನ ಜನ ಬೆಳಗಿನಿಂದ ನೀರೂ ಮುಟ್ಟದೆ ಉಪವಾಸ ಇದ್ದಾರೆ. ಸೂರ್ಯ ಮುಳುಗಿದ ಮೇಲೆ ಮನೆಯವರ ಜೊತೆ ಕೂತು ತಿನ್ನಲು ಕಟ್ಟಿಸಿಕೊಂಡು ಹೋಗುತ್ತಿದ್ದಾರೆ. ನೀವೂ ಹಾಗೇ ಮಾಡಿದರೆ ಮೇಲಿನ ದೂರುಗಳಲ್ಲಿ ಮುಕ್ಕಾಲು ಭಾಗ ಇರುವುದಿಲ್ಲ. ಕೆಳಗಿನ ಹಂತಗಳನ್ನು ಅದೇ ಕ್ರಮದಲ್ಲಿ ಅನುಸರಿಸಿ.

## ಹಂತ 1: ದಿನ, ಹೊತ್ತು, ಜಾಗ

ರಂಜಾನ್ ತಿಂಗಳು ಪ್ರತಿ ವರ್ಷ ಸುಮಾರು 10–11 ದಿನ ಹಿಂದಕ್ಕೆ ಸರಿಯುತ್ತದೆ. 2026ರಲ್ಲಿ ಅದು ಬಂದದ್ದು ಫೆಬ್ರವರಿ ಮೂರನೇ ವಾರದಲ್ಲಿ. 2027ರಲ್ಲಿ ಫೆಬ್ರವರಿ ಎರಡನೇ ವಾರದ ಆಸುಪಾಸು ಬರುತ್ತದೆ. ಟಿಕೆಟ್ ಮಾಡುವ ಮುಂಚೆ ಆ ವರ್ಷದ ದಿನಾಂಕ ನೋಡಿಕೊಳ್ಳಿ. ಮೊದಲ ಎರಡು ಮೂರು ದಿನ ಜನಜಂಗುಳಿ ವಿಪರೀತ. ಕೊನೆಯ ವಾರ ವ್ಯಾಪಾರಿಗಳೇ ಹಬ್ಬಕ್ಕೆ ಊರಿಗೆ ಹೊರಡುವುದರಿಂದ ಅಂಗಡಿಗಳು ಒಂದೊಂದಾಗಿ ಮುಚ್ಚುತ್ತವೆ. ನಡುವಿನ ಎರಡು ವಾರ, ಅದರಲ್ಲೂ ಸೋಮವಾರದಿಂದ ಗುರುವಾರದ ಒಳಗಿನ ದಿನ ಒಳ್ಳೆಯದು.

ಹೊತ್ತಿನ ಲೆಕ್ಕದಲ್ಲಿ ನಮ್ಮವರು ಎಡವುವುದು ಜಾಸ್ತಿ. ಮಲೇಷ್ಯಾದ ಗಡಿಯಾರ ನಮ್ಮದಕ್ಕಿಂತ ಎರಡೂವರೆ ಗಂಟೆ ಮುಂದೆ. ಸಂಜೆ ಅಂದರೆ ಆರೂವರೆ ಅನ್ನುವ ನಮ್ಮ ಅಂದಾಜು ಅಲ್ಲಿ ನಡೆಯುವುದಿಲ್ಲ. ಫೆಬ್ರವರಿ–ಮಾರ್ಚ್‌ನಲ್ಲಿ ಕೌಲಾಲಂಪುರದಲ್ಲಿ ಸೂರ್ಯ ಮುಳುಗುವುದು 7.25–7.30ರ ಹೊತ್ತಿಗೆ. ಬಜಾರು ಮಧ್ಯಾಹ್ನ ಮೂರು, ಮೂರೂವರೆಗೇ ಶುರುವಾಗುತ್ತದೆ. ಐದೂವರೆ ಆದಮೇಲೆ ಆಫೀಸು ಬಿಟ್ಟವರು ಬರುತ್ತಾರೆ, ಆಮೇಲೆ ಹೆಜ್ಜೆ ಇಡಲೂ ಜಾಗ ಇರುವುದಿಲ್ಲ. ಏಳರ ನಂತರ ಹೆಸರುವಾಸಿ ಅಂಗಡಿಗಳ ಪಾತ್ರೆ ಬರಿದು. ನಾಲ್ಕರಿಂದ ನಾಲ್ಕೂವರೆಯ ಒಳಗೆ ಅಲ್ಲಿರಿ.

ಮೊದಲ ಸಲ ಹೋಗುವವರು ಕಂಪೋಂಗ್ ಬಾರುಗೆ ಹೋಗಿ. ಊರ ನಡುವೆ, ಪೆಟ್ರೊನಾಸ್ ಅವಳಿ ಗೋಪುರಗಳ ಪಕ್ಕದಲ್ಲೇ ಉಳಿದುಕೊಂಡ ಹಳೆಯ ಮಲಯ್ ಬಡಾವಣೆ ಅದು. ನಗರ ರೈಲು ಎಲ್‌ಆರ್‌ಟಿಯ ಕೆಲಾನಾ ಜಯಾ ಮಾರ್ಗದಲ್ಲಿ ಕಂಪೋಂಗ್ ಬಾರು ನಿಲ್ದಾಣವಿದೆ. ಊರಿನ ಮುಖ್ಯ ರೈಲು ನಿಲ್ದಾಣ ಕೆಎಲ್ ಸೆಂಟ್ರಲ್‌ನಿಂದ ನಾಲ್ಕನೇ ನಿಲ್ದಾಣ. ಟ್ಯಾಕ್ಸಿ ಬೇಡವೇ ಬೇಡ. ಆರರಿಂದ ಏಳೂಕಾಲರವರೆಗೆ ಇಡೀ ನಗರ ಮನೆ ಸೇರುವ ಧಾವಂತದಲ್ಲಿರುತ್ತದೆ, ನಿಮ್ಮ ಊಟ ಕಾರಿನಲ್ಲೇ ತಣ್ಣಗಾಗುತ್ತದೆ.

## ಹಂತ 2: ಜೊತೆಗೆ ಏನು ಒಯ್ಯಬೇಕು

ಚಿಲ್ಲರೆ ನೋಟು ಮುಖ್ಯ. 1, 5, 10 ರಿಂಗಿಟ್ ನೋಟುಗಳೇ ಜಾಸ್ತಿ ಇರಲಿ. ನೂರರ ನೋಟು ಚಾಚಿದರೆ ಹಿಂದೆ ನಿಂತ ಹತ್ತು ಜನ ಕಾಯಬೇಕಾಗುತ್ತದೆ. ಅಂಗಡಿಗಳಲ್ಲಿ ಮೊಬೈಲಿನಲ್ಲಿ ಹಣ ಕೊಡುವ ಡುಯಿತ್‌ನೌ ಕ್ಯುಆರ್ ಫಲಕ ಕಾಣುತ್ತದೆ, ಆದರೆ ಅದು ಸ್ಥಳೀಯ ಬ್ಯಾಂಕು, ವಾಲೆಟ್ ಇದ್ದವರಿಗೆ ಸಲೀಸು. ಪ್ರವಾಸಿಗೆ ನಗದೇ ಸರಿ.

ಎರಡು ಸ್ಟೀಲ್ ಡಬ್ಬ, ಒಂದು ಬಟ್ಟೆ ಚೀಲ, ಕೊಡೆ, ಒದ್ದೆ ಟಿಶ್ಯೂ, ಒಂದು ಬಾಟಲಿ ನೀರು. ಡಬ್ಬ ಯಾಕೆ ಅಂದರೆ, ಬಿಸಿ ಗ್ರೇವಿಯನ್ನು ಅಲ್ಲಿ ತೆಳು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೊಡುತ್ತಾರೆ. ರೈಲಿನ ನೂಕುನುಗ್ಗಲಿನಲ್ಲಿ ಅದು ಒಡೆಯುತ್ತದೆ. ಕೊಡೆ ಯಾಕೆ ಅಂದರೆ, ಮಧ್ಯಾಹ್ನದ ಮೇಲೆ ಗುಡುಗು ಸಹಿತ ಮಳೆ ಆ ಊರಿಗೆ ಮಾಮೂಲು.

ಮಧ್ಯಾಹ್ನ ಸರಿಯಾಗಿ ಊಟ ಮಾಡಿಯೇ ಹೊರಡಿ. ಖಾಲಿ ಹೊಟ್ಟೆಯಲ್ಲಿ ಹೋದರೆ ಕಂಡದ್ದೆಲ್ಲ ಕೊಳ್ಳುತ್ತೀರಿ, ಮೂರು ಗಂಟೆ ತಿನ್ನದೆ ಕಾಯಲೂ ಆಗುವುದಿಲ್ಲ.

## ಹಂತ 3: ಮೊದಲ ಸುತ್ತು, ಪರ್ಸು ತೆಗೆಯದೆ

ಬಜಾರಿನ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಸುಮ್ನೆ ನಡೆಯಿರಿ. ಏನೂ ಕೊಳ್ಳಬೇಡಿ. ಒಂದೇ ತಿಂಡಿ ಏಳೆಂಟು ಕಡೆ ಇರುತ್ತದೆ, ಮೊದಲು ಕಂಡದ್ದು ಚೆನ್ನಾಗಿರುವುದು ಅಪರೂಪ.

ಈ ಸುತ್ತಿನಲ್ಲಿ ನೋಡಬೇಕಾದ್ದು ಎರಡು. ಮೊದಲನೆಯದು, ಎದುರಿಗೇ ಮಾಡಿಕೊಡುತ್ತಿದ್ದಾರಾ ಅಥವಾ ಮನೆಯಲ್ಲಿ ಮಾಡಿ ತಂದು ಇಟ್ಟಿದ್ದಾರಾ. ಸಾತೆ (ಕಡ್ಡಿಗೆ ಚುಚ್ಚಿ ಸುಟ್ಟ ಮಾಂಸ) ಅಂಗಡಿ ನೋಡಿ. ಚೆನ್ನಾಗಿ ಮಾಡುವವರು ಇದ್ದಿಲ ಕೆಂಡದ ಮೇಲೆ ಕಡ್ಡಿಗಳನ್ನು ಸಾಲಾಗಿ ಇಟ್ಟು, ನಿಂಬೆಹುಲ್ಲಿನ ದಂಟಿನ ತುದಿ ಜಜ್ಜಿ ಅದನ್ನೇ ಬ್ರಶ್ ಮಾಡಿಕೊಂಡು ಎಣ್ಣೆ ಸವರುತ್ತಾರೆ. ಎಣ್ಣೆ ಕೆಂಡಕ್ಕೆ ಬಿದ್ದಾಗ ಹೊಗೆ ಭಗ್ಗನೆ ಏಳುತ್ತದೆ, ಕಡ್ಡಿ ತಿರುಗಿಸುತ್ತಾರೆ, ಬೀಸಣಿಗೆ ಬೀಸುತ್ತಾರೆ. ಪಕ್ಕದ ಅಂಗಡಿಯಲ್ಲಿ ಮೊದಲೇ ಸುಟ್ಟಿಟ್ಟದ್ದನ್ನು ಗಿರಾಕಿ ಬಂದಾಗ ಬಿಸಿ ತಾಕಿಸಿ ಕೊಡುತ್ತಿರುತ್ತಾರೆ. ಬೆಲೆ ಎರಡು ಕಡೆಯೂ ಒಂದೇ, ತಿಂದಾಗ ಅಜಗಜಾಂತರ.

ಎರಡನೆಯದು, ಸಾಲಿನಲ್ಲಿ ನಿಂತವರು ಯಾರು. ಸ್ಥಳೀಯ ಹೆಂಗಸರು ಐದಾರು ಪೊಟ್ಟಣ ಕಟ್ಟಿಸಿಕೊಳ್ಳುವ ಕುಯೆ ಅಂಗಡಿ ನಂಬಿಕೆಗೆ ಅರ್ಹ. ಕುಯೆ ಅಂದರೆ ಅಕ್ಕಿ ಹಿಟ್ಟು, ತೆಂಗು, ಬೆಲ್ಲದ ಸಣ್ಣ ಸಣ್ಣ ತಿಂಡಿಗಳು.

## ಹಂತ 4: ಕೇಳಿ ತಿಳಿದುಕೊಳ್ಳುವುದು (ಸಸ್ಯಾಹಾರಿಗಳು ಇದನ್ನು ಬಿಡಬೇಡಿ)

"ವೆಜಿಟೇರಿಯನ್ನಾ?" ಅಂತ ಕೇಳಿದರೆ ಸಾಕು ಅಂದುಕೊಳ್ಳುತ್ತೇವೆ. ಸಾಲದು. ಕೋಳಿ, ಮಾಂಸ ಇಲ್ಲದ್ದನ್ನು ಅಂಗಡಿಯವರು ನಿಜವಾಗಿಯೂ ತರಕಾರಿ ಊಟ ಅಂತಲೇ ತಿಳಿಯುತ್ತಾರೆ. ಮೋಸ ಏನಿಲ್ಲ, ಅವರ ಅಡುಗೆಯಲ್ಲಿ ಸಿಗಡಿ, ನೆತ್ತೋಲಿ ಮೀನು ರುಚಿಗೆ ಹಾಕುವ ಪದಾರ್ಥ. ಅದಕ್ಕೇ ಪದಾರ್ಥದ ಹೆಸರು ಹಿಡಿದು ಕೇಳಬೇಕು.

ಬಾಯಿಪಾಠ ಮಾಡಬೇಕಾದ ಹೆಸರುಗಳು: ಬೆಲಾಚಾನ್ (ಹುದುಗಿಸಿದ ಸಿಗಡಿಯ ಉಂಡೆ), ಇಕಾನ್ ಬಿಲಿಸ್ (ನೆತ್ತೋಲಿಯಂಥ ಒಣಮೀನು), ಉದಾಂಗ್ (ಸಿಗಡಿ), ತೆಲೂರ್ (ಮೊಟ್ಟೆ). ಮುಂದೆ "ಆದಾ" ಸೇರಿಸಿದರೆ ಪ್ರಶ್ನೆ ಆಯಿತು: "ಆದಾ ಬೆಲಾಚಾನ್?" ಅಂದರೆ ಬೆಲಾಚಾನ್ ಇದೆಯಾ. "ತಾಕ್ ನಾಕ್" ಅಂದರೆ ಬೇಡ. ಅಂಗಡಿಯವರನ್ನು ವಯಸ್ಸು ನೋಡಿ "ಅಬಾಂಗ್" (ಅಣ್ಣ), "ಕಾಕ್" (ಅಕ್ಕ), "ಮಾಕ್‌ಚಿಕ್" (ದೊಡ್ಡಮ್ಮನ ವಯಸ್ಸಿನವರು) ಅಂತ ಕರೆಯಿರಿ. ಹಾಗೆ ಕರೆದು ಕೇಳಿದವರಿಗೆ ಎಷ್ಟು ಗದ್ದಲ ಇದ್ದರೂ ನಿಂತು ವಿವರಿಸುತ್ತಾರೆ. ತಮಿಳು ಮುಸ್ಲಿಮರ ಅಂಗಡಿ ಕಂಡರೆ, ತಮಿಳು ಬಲ್ಲ ಬೆಂಗಳೂರಿನವರಿಗೆ ಇನ್ನೂ ಸುಲಭ.

ಕೇಳದೆ ಕೊಳ್ಳಬಾರದ್ದು ಹೀಗಿವೆ. ಕೆಂಪು ಸಾಂಬಾಲ್ (ಮೆಣಸಿನಕಾಯಿ ಚಟ್ನಿ) ಯಾವುದೇ ಇರಲಿ, ಅದರಲ್ಲಿ ಬೆಲಾಚಾನ್ ಇರುವುದೇ ಹೆಚ್ಚು. ಹಾಗಾಗಿ ತೆಂಗಿನ ಹಾಲಿನ ಅನ್ನ ನಾಸಿ ಲೆಮಾಕ್ ಕೊಂಡರೂ ಸಾಂಬಾಲ್, ಮೀನು, ಮೊಟ್ಟೆ ಬಿಟ್ಟರೆ ಅನ್ನ, ಕಡಲೆಕಾಯಿ, ಸೌತೆಕಾಯಿಯಷ್ಟೇ ಉಳಿಯುತ್ತದೆ. ಹಣ್ಣಿನ ರೊಜಾಕ್ ಸಲಾಡ್ ಕಂಡು ಮೋಸ ಹೋಗಬೇಡಿ, ಅದರ ಕಪ್ಪು ಸಾಸ್‌ನಲ್ಲಿ ಸಿಗಡಿ ಇರುತ್ತದೆ. ಕಂದು ಬಣ್ಣದ ಉದ್ದುದ್ದ ಕೆರೋಪೋಕ್ ಲೆಕೋರ್ ಮೀನಿನದು. ಬಾಳೆಹಣ್ಣಿನ ಪಿಸಾಂಗ್ ಗೊರೆಂಗ್ ಸಸ್ಯಾಹಾರವೇ, ಆದರೆ ಅದೇ ಬಾಣಲೆಯಲ್ಲಿ ಸಿಗಡಿ ಬೋಂಡಾ ಕರಿಯುತ್ತಿದ್ದಾರಾ ನೋಡಿ.

ಎಲೆಯಲ್ಲಿ ಸುತ್ತಿದ್ದೆಲ್ಲ ಸಿಹಿ ಅಂದುಕೊಳ್ಳುವುದು ಇನ್ನೊಂದು ತಪ್ಪು. ಬಾಳೆ ಎಲೆಯಲ್ಲಿ ಗೋಪುರದ ಆಕಾರಕ್ಕೆ ಮಡಚಿದ್ದು ಪುಲುತ್ ಇಂತಿ: ಅಂಟಕ್ಕಿ ಅನ್ನದ ಮೇಲೆ ಬೆಲ್ಲ ಹಾಕಿ ಬಾಡಿಸಿದ ತೆಂಗಿನ ತುರಿ, ಧೈರ್ಯವಾಗಿ ತಿನ್ನಿ. ಉದ್ದಕ್ಕೆ ಸುತ್ತಿ ಎಲೆ ಸುಟ್ಟು ಕಪ್ಪಾಗಿದ್ದರೆ ಅದು ಪುಲುತ್ ಪಂಗಾಂಗ್, ಒಳಗೆ ಒಣ ಸಿಗಡಿ ಇರುವುದು ವಾಡಿಕೆ. ಚಪ್ಪಟೆಯಾಗಿ ಸುಟ್ಟ ಓತಾಕ್-ಓತಾಕ್ ಪೂರ್ತಿ ಮೀನು.

ಸಸ್ಯಾಹಾರಿಗಳಿಗೆ ನಿಜವಾದ ಹಬ್ಬ ಕುಯೆ ಅಂಗಡಿಯಲ್ಲೇ. ಪದರ ಪದರದ ಕುಯೆ ಲಾಪಿಸ್, ಎಲೆಯ ತೊಟ್ಟಿಯಲ್ಲಿ ತೆಂಗಿನ ಹಾಲು ತುಂಬಿದ ತೆಪುಂಗ್ ಪೆಲಿತಾ, ತೆಂಗಿನ ತುರಿಯಲ್ಲಿ ಹೊರಳಿಸಿದ ಹಸಿರು ಉಂಡೆ ಬುಆ ಮೆಲಾಕಾ: ಮೂರಕ್ಕೂ ಸಾಮಾನ್ಯವಾಗಿ ಮೊಟ್ಟೆ ಹಾಕುವುದಿಲ್ಲ. ಹಸಿರು ಮೇಲ್ಪದರದ ಸೆರಿ ಮುಕಾ, ಕಡಲೆಕಾಯಿ ತುಂಬಿ ಮಡಚುವ ಅಪಾಮ್ ಬಾಲಿಕ್, ಇವೆರಡರಲ್ಲೂ ಮೊಟ್ಟೆ ಇರುತ್ತದೆ. ಪುತು ಮಾಯಮ್ ಅಂತ ಮಾರುವುದು ನಮ್ಮ ಒತ್ತುಶಾವಿಗೆಯೇ, ತೆಂಗಿನ ತುರಿ, ಬೆಲ್ಲದ ಜೊತೆ ಕೊಡುತ್ತಾರೆ. ಮನೆಯಲ್ಲಿ ವಯಸ್ಸಾದವರಿದ್ದರೆ ಅವರಿಗೆ ಇದನ್ನೇ ಮೊದಲು ಕಟ್ಟಿಸಿ.

ಮಾಂಸಾಹಾರಿಗಳಿಗೂ ಒಂದು ಎಚ್ಚರಿಕೆ. ಬಜಾರಿನಲ್ಲಿ ಎಲ್ಲವೂ ಹಲಾಲ್, ಹಂದಿ ಮಾಂಸ ಇರುವುದಿಲ್ಲ. ಆದರೆ ಫಲಕದಲ್ಲಿ "ದಾಗಿಂಗ್" ಅಂತಿದ್ದರೆ ಬೀಫ್. ಬೀಫ್ ತಿನ್ನದವರು "ಆಯಾಮ್" (ಕೋಳಿ) ಅಥವಾ "ಕಂಬಿಂಗ್" (ಆಡು, ಕುರಿ) ಅಂತ ಸ್ಪಷ್ಟವಾಗಿ ಹೇಳಿ. ಮುರ್ತಬಾಕ್ (ಒಳಗೆ ಮಾಂಸ ತುಂಬಿದ ರೊಟ್ಟಿ) ಕಾಗದದಲ್ಲಿ ಸುತ್ತಿದ ಮೇಲೆ ಯಾವುದು ಯಾವುದು ಅಂತ ಗೊತ್ತಾಗುವುದಿಲ್ಲ. ಎರಡು ಬಗೆ ಕೊಂಡರೆ ಪೊಟ್ಟಣದ ಮೇಲೆ ಪೆನ್ನಿನಲ್ಲಿ ಗುರುತು ಹಾಕಿಸಿ.

ಕಡಲೆಕಾಯಿ ಅಲರ್ಜಿ ಇದ್ದವರು ಸಾತೆಯ ಚಟ್ನಿ, ರೊಜಾಕ್, ಅಪಾಮ್ ಬಾಲಿಕ್, ನಾಸಿ ಲೆಮಾಕ್ ನಾಲ್ಕರಿಂದಲೂ ದೂರ ಇರಿ.

## ಹಂತ 5: ಕೊಳ್ಳುವ ಕ್ರಮ

ಕ್ರಮ ತಪ್ಪಿದರೆ ಒಳ್ಳೆಯ ತಿಂಡಿಯೂ ಹಾಳು. ಐದು ಗಂಟೆಯ ಹೊತ್ತಿಗೆ ಎರಡನೇ ಸುತ್ತು ಶುರು ಮಾಡಿ.

ಮೊದಲು ಬುಬೂರ್ ಲಂಬೂಕ್. ಕಂಪೋಂಗ್ ಬಾರುವಿನ ಜಾಮೆಕ್ ಮಸೀದಿಯಲ್ಲಿ ಅಸರ್ (ಸಂಜೆಗೆ ಮುಂಚಿನ) ನಮಾಜಿನ ನಂತರ ಈ ಮಸಾಲೆ ಗಂಜಿಯನ್ನು ಎಲ್ಲರಿಗೂ ಉಚಿತವಾಗಿ ಹಂಚುತ್ತಾರೆ. ದೊಡ್ಡ ದೊಡ್ಡ ಕಡಾಯಿಗಳಲ್ಲಿ ಅಕ್ಕಿ, ತೆಂಗಿನ ಹಾಲು, ತುಪ್ಪ, ಚಕ್ಕೆ ಲವಂಗ ಹಾಕಿ ಗಂಟೆಗಟ್ಟಲೆ ಮಗುಚಿ ಮಾಡಿದ್ದು. ಅದರಲ್ಲಿ ಬೀಫ್ ಇರುತ್ತದೆ ಅನ್ನುವುದು ನೆನಪಿರಲಿ. ತಿನ್ನುವವರು ಇದನ್ನು ತಪ್ಪಿಸಿಕೊಳ್ಳಬೇಡಿ. ಸಾಲಿನಲ್ಲಿ ನಿಲ್ಲಿ, ಒಬ್ಬರಿಗೆ ಒಂದೇ ಪೊಟ್ಟಣ ತೆಗೆದುಕೊಳ್ಳಿ.

ಆಮೇಲೆ ಕುಯೆ. ಇದು ತಣ್ಣಗೇ ತಿನ್ನುವಂಥದ್ದು, ಬೇಗ ಖಾಲಿಯಾಗುವಂಥದ್ದು. ಮೂರು ನಾಲ್ಕು ಬಗೆಯಲ್ಲಿ ಎರಡೆರಡು ಸಾಕು.

ಆಮೇಲೆ ಅನ್ನ. ಶಂಖಪುಷ್ಪದಿಂದ ನೀಲಿ ಬಣ್ಣ ಬಂದ ನಾಸಿ ಕೆರಾಬು ಕೊಂಡರೆ ಸೊಪ್ಪು, ಗ್ರೇವಿ ಬೇರೆ ಬೇರೆ ಕಟ್ಟಿಸಿ. ಒಟ್ಟಿಗೆ ಹಾಕಿಸಿದರೆ ತಿನ್ನುವ ಹೊತ್ತಿಗೆ ಮುದ್ದೆಯಾಗಿರುತ್ತದೆ.

ಬಿಸಿ ತಿಂಡಿ ಆರೂವರೆ ಸುಮಾರಿಗೆ. ಮುರ್ತಬಾಕ್, ಸಾತೆ, ಕೆಂಡದಲ್ಲಿ ಸುಟ್ಟು ತೆಂಗಿನ ಹಾಲಿನ ಗ್ರೇವಿ ಸುರಿದ ಆಯಾಮ್ ಪೆರ್ಚಿಕ್ ಎಲ್ಲ ಈ ಸಾಲಿನವು. ಉದ್ದ ಸಾಲಿದ್ದರೆ ಇಪ್ಪತ್ತು ನಿಮಿಷ ಮೊದಲೇ ನಿಂತುಬಿಡಿ. ಕರಿದದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಗಂಟು ಕಟ್ಟಿಸಬೇಡಿ, ಹಬೆಯಲ್ಲೇ ಮೆತ್ತಗಾಗುತ್ತದೆ. ಕಾಗದದ ಚೀಲ, ಬಾಯಿ ತೆರೆದೇ ಇರಲಿ.

ಪಾನೀಯ ಕಟ್ಟಕಡೆಗೆ. ಮೊದಲೇ ಕೊಂಡರೆ ಐಸ್ ಕರಗಿ ನೀರಾಗುತ್ತದೆ, ಕೈಯೂ ಒಂದು ಕಟ್ಟಿಹಾಕಿದ ಹಾಗೆ. ಗುಲಾಬಿ ಬಣ್ಣದ ಬಂಡುಂಗ್ ನೋಡಲು ಚೆಂದ, ಆದರೆ ವಿಪರೀತ ಸಿಹಿ. ದೊಡ್ಡ ಪಾರದರ್ಶಕ ಡ್ರಮ್ಮಿನಲ್ಲಿ ಮೊದಲೇ ಬೆರೆಸಿಟ್ಟಿರುವುದರಿಂದ "ಕುರಾಂಗ್ ಮಾನಿಸ್" (ಸಿಹಿ ಕಮ್ಮಿ) ಅಂದರೂ ಪ್ರಯೋಜನ ಇಲ್ಲ. ಎದುರಿಗೆ ಹಿಂಡಿ ಕೊಡುವ ಕಬ್ಬಿನ ಹಾಲು ಆಯರ್ ತೆಬು, ಇಲ್ಲವೇ ಎಳನೀರು ಒಳ್ಳೆಯ ಆಯ್ಕೆ.

ಪ್ರಮಾಣದ ಬಗ್ಗೆ: ಇಬ್ಬರಿಗೆ ಒಂದು ಅನ್ನ, ಒಂದು ಬಿಸಿ ತಿಂಡಿ, ಆರು ತುಂಡು ಕುಯೆ, ಎರಡು ಪಾನೀಯ. ಇನ್ನೂ ಬೇಕು ಅನಿಸುತ್ತದೆ. ನಿಲ್ಲಿಸಿ. ಆ ಜಾಗದ ಘಮಲೇ ಅಂಥದ್ದು, ಉಪವಾಸ ಇರುವ ಸ್ಥಳೀಯರೂ ಅಗತ್ಯಕ್ಕಿಂತ ಜಾಸ್ತಿ ಕೊಂಡು ಎಸೆಯುತ್ತಾರೆ ಅನ್ನುವುದು ಅಲ್ಲಿ ಪ್ರತಿ ವರ್ಷದ ಚರ್ಚೆ.

## ಹಂತ 6: ಬಾಂಗಿನವರೆಗೆ ಕಾಯುವುದು

ನೀವು ಮುಸ್ಲಿಮರಲ್ಲದಿದ್ದರೆ ಹಗಲಲ್ಲಿ ತಿನ್ನಲು ತಡೆ ಇಲ್ಲ. ಆದರೂ ಬಜಾರಿನ ನಡುವೆ, ಬಾಯಾರಿ ನಿಂತವರ ಎದುರು ಕಬ್ಬಿನ ಹಾಲು ಹೀರಬೇಡಿ. ಮಗುವಿಗೆ ಹಸಿವಾದರೆ ಪಕ್ಕಕ್ಕೆ ಕರೆದುಕೊಂಡು ಹೋಗಿ ತಿನ್ನಿಸಿ, ಯಾರೂ ತಪ್ಪು ತಿಳಿಯುವುದಿಲ್ಲ.

ಕೂರುವ ಜಾಗವನ್ನು ಮೊದಲೇ ಗೊತ್ತು ಮಾಡಿಕೊಳ್ಳಿ. ಉಳಿದುಕೊಂಡ ರೂಮು ರೈಲಿನಲ್ಲಿ ಹತ್ತಿರವಿದ್ದರೆ ಅದೇ ಒಳ್ಳೆಯದು. ರೈಲಿನೊಳಗೆ ತಿನ್ನುವಂತಿಲ್ಲ, ಚೀಲ ಮುಚ್ಚಿಟ್ಟುಕೊಳ್ಳಿ. ಬಡಾವಣೆಯ ಹೋಟೆಲಿನಲ್ಲಿ ಕೂರಬೇಕು ಅಂದರೆ ಬಿಸಿ ತಿಂಡಿಯನ್ನು ಸ್ವಲ್ಪ ಮುಂಚೆ ಕೊಂಡು ಆರೂವರೆಗೇ ಹೋಗಿ, ಪಾನೀಯ ಹೇಳಿ, ಹೊರಗಿನ ತಿಂಡಿ ತಿನ್ನಬಹುದಾ ಅಂತ ಕೇಳಿ. ಏಳಕ್ಕೆ ಹೋದರೆ ಒಂದು ಮೇಜೂ ಸಿಗುವುದಿಲ್ಲ.

## ಹಂತ 7: ತಿನ್ನುವ ಕ್ರಮ

ಬಾಂಗ್ ಕೇಳಿಸಿದ ಮೇಲೆ ಮೊದಲು ಖರ್ಜೂರ, ನೀರು. ನೀವು ಉಪವಾಸ ಇರದಿದ್ದರೂ ಹೀಗೆ ಶುರು ಮಾಡಿ. ಬಿಸಿಲಲ್ಲಿ ಎರಡು ಗಂಟೆ ನಡೆದ ಮೈಗೆ ಬೇಕಾದ್ದು ಅದೇ.

ನಂತರ ಬಿಸಿ ತಿಂಡಿ. ಮುರ್ತಬಾಕ್ ಜೊತೆ ಕೊಡುವ ಕೆಂಪು ಈರುಳ್ಳಿ ಉಪ್ಪಿನಕಾಯಿಯನ್ನು ಬಿಡಬೇಡಿ, ಜಿಡ್ಡು ಮುರಿಯುವುದು ಅದೇ. ಅನ್ನ ಅದಾದ ಮೇಲೆ. ಕೈಯಲ್ಲಿ ತಿನ್ನುವುದು ಅಲ್ಲೂ ರೂಢಿ, ಬಲಗೈ ಬಳಸಿ.

ಕುಯೆ ಕೊನೆಗೆ. ಬುಆ ಮೆಲಾಕಾ ಉಂಡೆಯನ್ನು ಅರ್ಧ ಕಚ್ಚಬೇಡಿ. ಒಳಗೆ ತಾಳೆ ಬೆಲ್ಲ ಗುಲಾ ಮೆಲಾಕಾ ಕರಗಿ ಪಾಕವಾಗಿ ನಿಂತಿರುತ್ತದೆ. ಹಲ್ಲು ತಾಗಿದ ಕೂಡಲೇ ಚಿಮ್ಮಿ ಎದುರಿನವರ ಅಂಗಿ ಸೇರುತ್ತದೆ. ಇಡೀ ಉಂಡೆ ಬಾಯಿಗೆ ಹಾಕಿ, ತುಟಿ ಮುಚ್ಚಿ, ಆಮೇಲೆ ಅಗಿಯಿರಿ. ಹೊರಗಿನ ತೆಂಗಿಗೆ ಹಾಕಿದ ಒಂದು ಚಿಟಿಕೆ ಉಪ್ಪು, ಒಳಗಿನ ಬೆಲ್ಲ ಎರಡೂ ಒಟ್ಟಿಗೆ ಸೇರಿದಾಗಲೇ ಆ ತಿಂಡಿಯ ರುಚಿ.

## ಹಂತ 8: ಅಪಾಯದ ಗುರುತುಗಳು

ತೆಂಗಿನ ಹಾಲಿನ ಅಡುಗೆ ಆ ಸೆಕೆಯಲ್ಲಿ ಬೇಗ ಹಳಸುತ್ತದೆ. ಗ್ರೇವಿಯ ಮೇಲೆ ನೊರೆ, ಚಮಚ ಎತ್ತಿದಾಗ ಎಳೆ ಎಳೆಯಾಗಿ ಬರುವುದು, ಹುಳಿ ವಾಸನೆ, ಇವುಗಳಲ್ಲಿ ಒಂದಿದ್ದರೂ ಎಸೆಯಿರಿ. ಬೆಲೆ ನೋಡಬೇಡಿ. ಕುಯೆಯ ಮೇಲೆ ಬೆರಳಿಟ್ಟರೆ ಲೋಳೆ ಹತ್ತುವುದು ಕೂಡ ಕೆಟ್ಟ ಗುರುತು.

ಅಂಗಡಿಯಲ್ಲಿ ನೋಡಬೇಕಾದ್ದು: ಏಪ್ರನ್, ತಲೆಗೆ ಟೋಪಿ ಅಥವಾ ಬಟ್ಟೆ ಇದೆಯಾ. ಆಹಾರ ನೈರ್ಮಲ್ಯದ 2009ರ ನಿಯಮಗಳ ಪ್ರಕಾರ ಅಲ್ಲಿ ಆಹಾರ ಮುಟ್ಟುವವರಿಗೆ ತರಬೇತಿ, ಟೈಫಾಯ್ಡ್ ಲಸಿಕೆ ಎರಡೂ ಕಡ್ಡಾಯ. ಹಣ ಮುಟ್ಟಿದ ಕೈಯಲ್ಲೇ ತಿಂಡಿ ತೆಗೆದರೆ, ಮುಚ್ಚಳ ಇಲ್ಲದೆ ರಸ್ತೆ ಬದಿ ಇಟ್ಟಿದ್ದರೆ ಮುಂದೆ ಹೋಗಿ. ಏಳರ ನಂತರ ಅರ್ಧ ಬೆಲೆಗೆ ಕೊಡುವ ಮಾಂಸದ ಪದಾರ್ಥ ಮೂರು ಗಂಟೆಯಿಂದ ಹೊರಗೇ ಇದ್ದದ್ದು. ಅದರ ಆಸೆ ಬೇಡ.

ಉಳಿದದ್ದನ್ನು ರೂಮಿನ ಫ್ರಿಜ್ಜಿಗೆ ಎರಡು ಗಂಟೆಯ ಒಳಗೆ ಸೇರಿಸಿ. ಹೊರಗಿನ ಬಿಸಿ 32 ಡಿಗ್ರಿ ದಾಟಿದ್ದರೆ ಒಂದು ಗಂಟೆಯ ಒಳಗೆ. ಬೆಳಿಗ್ಗೆಗೆ ಇಡಬಹುದಾದ್ದು ಬೇಯಿಸಿದ ಮಾಂಸ, ಮುರ್ತಬಾಕ್. ಚೆನ್ನಾಗಿ ಬಿಸಿ ಮಾಡಿಯೇ ತಿನ್ನಿ. ತೆಂಗಿನ ಹಾಲಿನ ಕುಯೆ, ಹಸಿ ಸೊಪ್ಪು ಅವತ್ತೇ ಮುಗಿಸಿ. ಹೊಟ್ಟೆ ಕೆಟ್ಟರೆ ಓಆರ್‌ಎಸ್ ಕುಡಿಯುತ್ತಿರಿ. ಜ್ವರ ಬಂದರೆ, ಮಲದಲ್ಲಿ ರಕ್ತ ಕಂಡರೆ, ನೀರೂ ನಿಲ್ಲದಿದ್ದರೆ ಕಾಯದೆ ವೈದ್ಯರ ಹತ್ತಿರ ಹೋಗಿ.

## ರಂಜಾನ್ ಅಲ್ಲದ ತಿಂಗಳಲ್ಲಿ ಹೋದರೆ

ಪಾಸಾರ್ ಮಲಾಮ್ ಅನ್ನುವ ರಾತ್ರಿ ಸಂತೆಗಳಿಗೆ ಹೋಗಿ. ಚೆರಾಸ್‌ನ ತಾಮಾನ್ ಕನಾಟ್‌ನಲ್ಲಿ ಪ್ರತಿ ಬುಧವಾರ ಸಂಜೆ ನಡೆಯುವುದು ದೊಡ್ಡದು, ಎಂಆರ್‌ಟಿ (ಮೆಟ್ರೊ) ನಿಲ್ದಾಣದ ಹೆಸರೂ ಅದೇ. ಅಲ್ಲಿ ನಡೆಯುತ್ತಾ ತಿನ್ನಬಹುದು, ಕಾಯುವ ಪ್ರಶ್ನೆ ಇಲ್ಲ. ಆದರೆ ಚೀನೀ ಅಂಗಡಿಗಳಲ್ಲಿ ಹಂದಿ ಮಾಂಸ ಇರುತ್ತದೆ, ಕೇಳಿಯೇ ಕೊಳ್ಳಿ. ಚೀನೀ ಬೌದ್ಧ ಸಸ್ಯಾಹಾರದ ಅಂಗಡಿ ಕಂಡರೆ ಬಿಡಬೇಡಿ. ಅವರ ಕಟ್ಟುನಿಟ್ಟಿನ ಅಡುಗೆಯಲ್ಲಿ ಈರುಳ್ಳಿ ಬೆಳ್ಳುಳ್ಳಿಯೂ ಇರುವುದಿಲ್ಲ. ಏನೂ ಹೊಂದದೆ ಹೋದರೆ ಕೆಎಲ್ ಸೆಂಟ್ರಲ್ ಪಕ್ಕದ ಬ್ರಿಕ್‌ಫೀಲ್ಡ್ಸ್‌ನಲ್ಲಿ ದಕ್ಷಿಣ ಭಾರತದ ಸಸ್ಯಾಹಾರಿ ಹೋಟೆಲುಗಳಿವೆ, ಇಡ್ಲಿ ದೋಸೆ ಸಿಗುತ್ತದೆ.